ಒಣದ್ರಾಕ್ಷಿ ಬಿಟ್ಟು ಉಳ್ಳಾಗಡ್ಡಿ ಹಿಡಿದೆ

ವಿಜಯಪುರ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. 9ನೇ ತರಗತಿಗೆ ಅಭಿಸರಣೆ, ಅಂದ್ರೆ ಜೀವಕೋಶದ ಪೊರೆ ದಾಟಿ ನೀರು ಸಕ್ಕರೆ, ಉಪ್ಪು ಹೆಚ್ಚಿರುವ ಕಡೆಗೆ ಹೋಗೋದನ್ನ ಹೇಳೋದು ನನಗೆ ಬಲು ಸಲೀಸಾಗಿತ್ತು. ತಿಕೋಟಾ ಕಡೆಯ ಮಕ್ಕಳ ಮನೆಯಲ್ಲಿ ಒಣದ್ರಾಕ್ಷಿಗೆ ಬರವೇ? ಸಂಜೆ ನೀರಿಗೆ ಹಾಕಿ, ಬೆಳಿಗ್ಗೆ ಉಬ್ಬಿದ್ದನ್ನು ತೋರಿಸಿದರೆ ಪಾಠ ಮುಗೀತು.

ಒಮ್ಮೆ ಒಬ್ಬ ಹುಡುಗಿ ಆ ನೀರಲ್ಲಿ ಬೆರಳದ್ದಿ ನೆಕ್ಕಿದಳು. "ಸರ್ರೀ, ನೀರು ಸಿಹಿ ಆಗ್ಯಾವ್ರಿ. ಪೊರೆ ಸಕ್ಕರಿ ಹೊರಗ ಬಿಡೂದಿಲ್ಲ ಅಂದಿದ್ರಲ್ರಿ?"

ನಾನು ಸುಮ್ನೆ ನಿಂತೆ. ಅವರಪ್ಪ ದ್ರಾಕ್ಷಿಯನ್ನು, ಬೇಗ ಒಣಗಲಿ ಅಂತ, ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಲ್ಲಿ ಅದ್ದಿ, ಶೆಡ್ಡಿನಲ್ಲಿ ದಿನಗಟ್ಟಲೆ ಒಣಗಿಸುತ್ತಾರೆ. ಅಷ್ಟು ಹೊತ್ತಿಗೆ ಅದರ ಜೀವಕೋಶಗಳು ಸತ್ತಿರುತ್ತವೆ. ಸತ್ತ ಕೋಶದ ಪೊರೆ ಇದು ಬೇಕು, ಅದು ಬೇಡ ಅಂತ ಆರಿಸೋದಿಲ್ಲ. ನೀರು ಬೇಗ ಒಳಗೆ ಹೋಗುತ್ತದೆ, ಸಕ್ಕರೆ ನಿಧಾನಕ್ಕೆ ಹೊರಗೆ ಬರುತ್ತದೆ. ಅದಕ್ಕೇ ಹಣ್ಣು ಉಬ್ಬಿದಂತೆ ಕಾಣೋದು. ಇಷ್ಟು ವರ್ಷ ಅರ್ಧ ಸುಳ್ಳು ಹೇಳಿದ್ದೆ ಅನ್ನಿ.

ಜೀವ ಇರುವ ಕೋಶ ಬೇಕಿತ್ತು. ಕೆಂಪು ಉಳ್ಳಾಗಡ್ಡಿ ತಂದೆ. ಒಣ ಸಿಪ್ಪೆಯನ್ನಲ್ಲ, ಅದರ ಕೆಳಗಿನ ರಸಭರಿತ ಪದರದ ಹೊರಮೈಯಿಂದ ತೆಳುವಾದ ನೇರಳೆ ಸಿಪ್ಪೆಯನ್ನು ಎಳೆದು ತೆಗೆಯಬೇಕು. ಬಣ್ಣ ಇರೋದು ಕೋಶದೊಳಗಿನ ರಸದ ಚೀಲದಲ್ಲಿ, ಅಂದ್ರೆ ರಸದಾನಿಯಲ್ಲಿ. ಹಾಗಾಗಿ ಬೇರೆ ಬಣ್ಣ ಹಾಕೋ ಕೆಲಸವಿಲ್ಲ.

ಮೊದಲ ಸಲ ಉಪ್ಪು ಜಾಸ್ತಿ ಮಾಡಿದೆ, 100 ಮಿಲಿಲೀಟರ್ ನೀರಿಗೆ 15 ಗ್ರಾಂ. ಮೇಲಿಂದ ತುಂಬಾ ಹೊತ್ತು ಹಾಗೇ ಬಿಟ್ಟೆ. ಕುಗ್ಗಿದ ಕೋಶಗಳು ಸಾದಾ ನೀರು ಹಾಕಿದರೂ ಮತ್ತೆ ತುಂಬಿಕೊಳ್ಳಲಿಲ್ಲ. ಎರಡನೇ ಸಲ 5 ಗ್ರಾಂ ಸಾಕಾಯ್ತು. ಸೂಕ್ಷ್ಮದರ್ಶಕದಡಿ ಇಟ್ಟ ಸಿಪ್ಪೆಯ ಮೇಲೆ ಮುಚ್ಚಿದ ತೆಳು ಗಾಜಿನ (ಕವರ್ ಸ್ಲಿಪ್) ಒಂದು ಕಡೆ ಉಪ್ಪುನೀರಿನ ಹನಿ ಬಿಟ್ಟು, ಇನ್ನೊಂದು ಕಡೆಯಿಂದ ಹೀರುಕಾಗದದಲ್ಲಿ ಎಳೆದೆ. ಸ್ವಲ್ಪ ಹೊತ್ತಿಗೆ ನೇರಳೆ ಬಣ್ಣ ಕೋಶದ ಗೋಡೆ ಬಿಟ್ಟು ನಡುವಿಗೆ ಮುದುಡಿತು. ಆ ಗೋಡೆ, ಅಂದ್ರೆ ಕೋಶಭಿತ್ತಿ, ಮಾತ್ರ ಇದ್ದಲ್ಲೇ ಇತ್ತು. ಉಪ್ಪುನೀರಿನ ಕಡೆಗೆ ನೀರು ಹೊರಟಿದೆ, ಬಣ್ಣ ಪೊರೆ ದಾಟಿಲ್ಲ! ಅದೇ ರೀತಿ ಸಾದಾ ನೀರು ಎಳೆದಾಗ ಬಣ್ಣ ಮತ್ತೆ ಗೋಡೆ ಮುಟ್ಟಿತು. ಸೂಕ್ಷ್ಮದರ್ಶಕ ಒಂದೇ ಇದ್ದದ್ದು, ಸಾಲು ವರಾಂಡಕ್ಕೆ ಹೋಯ್ತು.

ಆಮೇಲೆ ಅದೇ ಸಿಪ್ಪೆಯ ಇನ್ನೊಂದು ಚೂರನ್ನು, ಕೋಶಗಳು ಸಾಯಲಿ ಅಂತ, ಕುದಿಸಿ ಇಟ್ಟೆ. ಉಪ್ಪುನೀರಿಗೆ ಅದು ಜಪ್ಪಯ್ಯ ಅನ್ನಲಿಲ್ಲ. ಚೂರು ಬಿಳಿಚಿಕೊಂಡಿತ್ತು, ಬಣ್ಣವೆಲ್ಲ ಕುದಿಸಿದ ನೀರಿಗೆ ಇಳಿದಿತ್ತು. ಆ ಹುಡುಗಿ ಅದಕ್ಕೂ ಬೆರಳದ್ದಲು ಬಂದಳು, ನಾನೇ ಲೋಟ ಎತ್ತಿಟ್ಟೆ.