ಹೊಸ ಕಾರು ಆಯಿಲ್ ಕುಡಿಯುತ್ತಿದೆಯಾ? ಮೊದಲು ಸಮತಟ್ಟು ಜಾಗ ಹುಡುಕಿ

ಕೊಡಗಿನಲ್ಲಿ ಎಂಜಿನ್ ಆಯಿಲ್ ಬಗ್ಗೆ ಕೇಳುವ ದೂರುಗಳಲ್ಲಿ ಒಂದಷ್ಟು ಎಂಜಿನ್ನಿನ ದೂರುಗಳೇ ಅಲ್ಲ, ಅಂಗಳದ ದೂರುಗಳು. ಮನೆ ಮುಂದೆ ಇಳಿಜಾರು, ತೋಟದ ದಾರಿ ಇಳಿಜಾರು, ಮಡಿಕೇರಿ ಪೇಟೆಯಲ್ಲಂತೂ ಕಾರು ನಿಲ್ಲಿಸಲು ಸಿಗುವ ಜಾಗವೆಲ್ಲ ಇಳಿಜಾರು. ಅಲ್ಲೇ ಬಾನೆಟ್ ಎತ್ತಿ, ಆಯಿಲ್ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ಎಳೆದು, "ಅಯ್ಯೋ, ಎರಡು ವರ್ಷದ ಕಾರು, ಆಯಿಲ್ ಇಲ್ಲವೇ ಇಲ್ಲ" ಅಂತ ಗಾಬರಿಯಾಗಿ ಅರ್ಧ ಲೀಟರ್ ಸುರಿಯುತ್ತಾರೆ. ಮಾರನೇ ದಿನ ಕಾರಿನ ಮುಖ ಇನ್ನೊಂದು ಕಡೆಗೆ. ಈಗ ನೋಡಿದರೆ ಆಯಿಲ್ ಕಡ್ಡಿಯ ಮ್ಯಾಕ್ಸ್ ಗೆರೆಗಿಂತ ಮೇಲಿದೆ.

ಹಾಗಂತ ನಿಜವಾಗಿ ಆಯಿಲ್ ತಿನ್ನುವ ಹೊಸ ಕಾರುಗಳು ಇಲ್ಲ ಅಂತಲ್ಲ. ಮೈಲೇಜ್ ಸಿಗಲಿ ಅಂತ ಈಗಿನ ಎಂಜಿನ್‌ಗಳಲ್ಲಿ ಪಿಸ್ಟನ್ ರಿಂಗು ಸಿಲಿಂಡರ್ ಗೋಡೆಗೆ ಒತ್ತುವ ಬಲವನ್ನು ಕಡಿಮೆ ಮಾಡಿದ್ದಾರೆ, ಆಯಿಲ್ಲೂ 0ಡಬ್ಲ್ಯೂ-20, 5ಡಬ್ಲ್ಯೂ-30ಯಂಥ ತೆಳು ಗ್ರೇಡು. ರಿಂಗಿನ ಸಂದಿಯಲ್ಲಿ ಕಾರ್ಬನ್ ಕಟ್ಟಿತೋ, ಆಯಿಲ್ ಮೇಲೆ ಹತ್ತಿ ಪೆಟ್ರೋಲ್ ಜೊತೆ ಉರಿಯುತ್ತದೆ. ಅಂಥ ಕಾರಾದರೆ ವಾರಂಟಿಯಲ್ಲೇ ಸರಿ ಮಾಡಿಸಿಕೊಳ್ಳಬೇಕು. ಅದಕ್ಕೆ ಲೆಕ್ಕ ಬೇಕು. "ಜಾಸ್ತಿ ಕುಡಿಯುತ್ತೆ" ಅಂತ ಬಾಯಲ್ಲಿ ಹೇಳಿದರೆ "ಅದು ನಾರ್ಮಲ್ ಸರ್" ಅಂತ ಉತ್ತರ ಬರುತ್ತದೆ, ಅಷ್ಟೇ.

1. ಮ್ಯಾನುವಲ್ ತೆಗೆಯಿರಿ

ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಕವರೂ ಬಿಚ್ಚದೆ ಬಿದ್ದಿರುತ್ತದಲ್ಲ, ಅದೇ. ಕಂಪನಿ ಎಷ್ಟು ಆಯಿಲ್ ಖರ್ಚನ್ನು ಒಪ್ಪುತ್ತದೆ ಅಂತ ಸಾಮಾನ್ಯವಾಗಿ ಅದರಲ್ಲಿ ಬರೆದಿರುತ್ತದೆ. ಕೆಲವು ಕಂಪನಿಗಳು 1000 ಕಿಲೋಮೀಟರಿಗೆ ಅರ್ಧ ಲೀಟರ್ ಅನ್ನುತ್ತವೆ, ಕೆಲವು ಒಂದು ಲೀಟರ್ ತನಕ ಹೋಗುತ್ತವೆ. ಒಂದು ಲೀಟರ್ ಅನ್ನುವುದು ನನ್ನ ಕಣ್ಣಿಗೆ ಕಂಪನಿ ತನ್ನ ರಕ್ಷಣೆಗೆ ಬರೆದುಕೊಂಡ ಅಂಕಿ, ಆದರೆ ವಾದ ಮಾಡಬೇಕಾದದ್ದು ಆ ಅಂಕಿಯ ಎದುರೇ. ಶೋರೂಮಿನಿಂದ ಬಂದ ಹೊಸತರಲ್ಲಿ, ಮೊದಲ ಕೆಲವು ಸಾವಿರ ಕಿಲೋಮೀಟರ್, ಸ್ವಲ್ಪ ಜಾಸ್ತಿ ಖರ್ಚಾಗುವುದು ಸಹಜ.

2. ಸೋರಿಕೆ ನೋಡಿ

ರಾತ್ರಿ ಎಂಜಿನ್ ಕೆಳಗೆ ರಟ್ಟು ಹಾಸಿ, ಬೆಳಿಗ್ಗೆ ನೋಡಿ. ಕಲೆ ಇದ್ದರೆ ಡ್ರೈನ್ ಬೋಲ್ಟಿನ ವಾಷರ್, ಆಯಿಲ್ ಫಿಲ್ಟರ್, ವಾಲ್ವ್ ಕವರ್ ಗ್ಯಾಸ್ಕೆಟ್ ಈ ಮೂರನ್ನು ಮೊದಲು ನೋಡಿಸಿ. ಕೆಳಗೆ ಪ್ಲಾಸ್ಟಿಕ್ ತಟ್ಟೆ ಇರುವ ಕಾರಾದರೆ ಅದನ್ನೂ ಬಿಚ್ಚಿಸಿ, ಹನಿ ಅದರ ಮೇಲೇ ನಿಂತಿರಬಹುದು.

3. ಲೆವೆಲ್ ನೋಡುವುದು

ಎಲ್ಲರೂ ಎಡವುವುದು ಇಲ್ಲೇ. ಎಂಜಿನ್ ಕೆಳಗಿನ ಆಯಿಲ್ ಸಂಪ್ ಅಗಲವಾದ ಒಂದು ತಟ್ಟೆ. ಕಾರು ವಾಲಿದರೆ ಆಯಿಲ್ ಒಂದು ಮೂಲೆಗೆ ಹೋಗುತ್ತದೆ. ಡಿಪ್‌ಸ್ಟಿಕ್ ಮುಟ್ಟುವುದು ಒಂದೇ ಜಾಗವನ್ನು. ಹಾಗಾಗಿ ಏರಿಗೆ ಮುಖ ಮಾಡಿ ನಿಂತರೆ ಒಂದು ಲೆಕ್ಕ, ಇಳಿಜಾರಿಗೆ ಮುಖ ಮಾಡಿದರೆ ಇನ್ನೊಂದು. ಒಂದು ಕಡೆಯ ಚಕ್ರ ಚರಂಡಿ ಪಕ್ಕಕ್ಕೆ ಇಳಿದಿದ್ದರೂ ಸಾಕು.

ಕಾಫಿ ಕಣ ಇದೆಯಲ್ಲ, ಅಲ್ಲೇ ನಿಲ್ಲಿಸುತ್ತೇನೆ ಅನ್ನಬಹುದು. ಪರವಾಗಿಲ್ಲ, ಆದರೆ ಕಣಕ್ಕೂ ಮಳೆನೀರು ಹರಿಯಲು ವಾಟ ಕೊಟ್ಟಿರುತ್ತಾರೆ. ಪೆಟ್ರೋಲ್ ಬಂಕಿನ ನೆಲವೂ ಹಾಗೇ. ಮೇಸ್ತ್ರಿಯ ರಸಮಟ್ಟ ಸಿಕ್ಕಿದರೆ ನೆಲದ ಮೇಲೆ ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ, ಇಲ್ಲದಿದ್ದರೆ ಫೋನಿನಲ್ಲೇ ಮಟ್ಟ ನೋಡುವ ಆ್ಯಪ್ ಇರುತ್ತದೆ. ಪೂರ್ತಿ ಸಮ ಸಿಗದಿದ್ದರೆ ಕಡೇ ಪಕ್ಷ ಜಾಗ ಬದಲಾಯಿಸಬೇಡಿ. ಚಕ್ರ ನಿಲ್ಲುವ ಕಡೆ ಸುಣ್ಣದಲ್ಲಿ ಗುರುತು ಹಾಕಿ, ಪ್ರತಿ ಸಲ ಅದೇ ಗುರುತು, ಅದೇ ಮುಖ. ಸ್ವಲ್ಪ ವಾಲಿದ್ದರೂ ಪ್ರತಿ ಸಲ ಅಷ್ಟೇ ವಾಲಿರುತ್ತದೆ, ಎಷ್ಟು ಇಳಿಯಿತು ಅನ್ನುವುದು ಗೊತ್ತಾಗುತ್ತದೆ. ಆದರೆ ಮ್ಯಾಕ್ಸ್ ತನಕ ತುಂಬಿಸುವಾಗ ಮಾತ್ರ ನಿಜವಾದ ಸಮತಟ್ಟೇ ಬೇಕು. ಸಮತಟ್ಟಾದ ಕುಶಾಲನಗರದ ಕಡೆ ಹೋದಾಗ ಆ ಕೆಲಸ ಮುಗಿಸಿಕೊಳ್ಳಿ.

ಎಂಜಿನ್ ಬಿಸಿ ಇರುವಾಗ ನೋಡಬೇಕಾ, ತಣ್ಣಗಿರುವಾಗಲಾ? ಮ್ಯಾನುವಲ್ ಹೇಳಿದ ಹಾಗೆ. ಬಿಸಿಯಲ್ಲಿ ಅಂದಿದ್ದರೆ ಕಾರು ಓಡಿಸಿ ಬಂದು, ಆಫ್ ಮಾಡಿ, ಹತ್ತು ನಿಮಿಷ ಕಾಯಿರಿ, ಮೇಲಿನ ಆಯಿಲ್ಲೆಲ್ಲ ಕೆಳಗೆ ಇಳಿಯಬೇಕು. ಬಂಕಿನಲ್ಲಿ ಡೀಸೆಲ್ ಹಾಕಿಸುವ ಎರಡು ನಿಮಿಷದಲ್ಲಿ ಹುಡುಗರು ಎಳೆದು ತೋರಿಸಿ "ಆಯಿಲ್ ಕಮ್ಮಿ ಇದೆ ಸರ್" ಅನ್ನುತ್ತಾರಲ್ಲ, ಅದನ್ನು ನಂಬಬೇಡಿ. ಒಂದು ಸಲ ಬಿಸಿಯಲ್ಲಿ, ಒಂದು ಸಲ ತಣ್ಣಗೆ ನೋಡುವುದೂ ಬೇಡ.

ಮೊದಲ ಸಲ ಎಳೆದಾಗ ಕಾಣುವುದು ಲೆಕ್ಕಕ್ಕಿಲ್ಲ. ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಕೊನೆತನಕ ಒತ್ತಿ ಹಾಕಿ, ಎರಡು ಸೆಕೆಂಡ್ ಬಿಟ್ಟು ಎಳೆಯಿರಿ. ಕಡ್ಡಿಯನ್ನು ಅಡ್ಡ ಹಿಡಿಯಿರಿ, ಮೇಲಕ್ಕೆ ಎತ್ತಿ ಹಿಡಿದರೆ ಆಯಿಲ್ ಹರಿದು ಸುಳ್ಳು ಹೇಳುತ್ತದೆ. ಎರಡೂ ಬದಿ ನೋಡಿ, ಕಡಿಮೆ ಇರುವ ಬದಿಯನ್ನು ತೆಗೆದುಕೊಳ್ಳಿ. ಹೊಸ ಆಯಿಲ್ ನೀರಿನಂತೆ ಇರುತ್ತದೆ, ಗೆರೆ ಕಾಣದಿದ್ದರೆ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಫೋನಿನಲ್ಲಿ ಒಂದು ಫೋಟೋ, ಜೊತೆಗೆ ಓಡೋಮೀಟರಿನದೂ ಒಂದು.

ಮ್ಯಾಕ್ಸ್ ಗೆರೆ ದಾಟಿಸಿದರೆ ಏನಾಗುತ್ತದೆ ಅಂತ ಕೇಳುವವರಿಗೆ: ತಿರುಗುವ ಕ್ರ್ಯಾಂಕ್ ಆಯಿಲನ್ನು ಬಡಿದು ನೊರೆ ಮಾಡುತ್ತದೆ, ಅದು ಎಂಜಿನ್ ಒಳಗಿನ ಆವಿಯನ್ನು ಎಳೆಯುವ ಪಿಸಿವಿ ಪೈಪಿನಿಂದ, ಗಾಳಿ ಒಳಗೆ ಹೋಗುವ ಇನ್‌ಟೇಕಿಗೆ ಹೋಗಿ ಉರಿಯುತ್ತದೆ. ಅಂದರೆ ತಪ್ಪು ಲೆವೆಲ್ ನೋಡಿ ಜಾಸ್ತಿ ಸುರಿದವರ ಕಾರು ಆಮೇಲೆ ನಿಜವಾಗಿಯೂ ಆಯಿಲ್ ಕುಡಿಯಲು ಶುರು ಮಾಡುತ್ತದೆ! ಜಾಸ್ತಿ ಆದದ್ದನ್ನು ಡಿಪ್‌ಸ್ಟಿಕ್ ಪೈಪಿನಿಂದ ಸಣ್ಣ ಟ್ಯೂಬ್ ಮತ್ತು ದೊಡ್ಡ ಸಿರಿಂಜ್ ಹಾಕಿ ಎಳೆಯಬಹುದು.

4. 1000 ಕಿಲೋಮೀಟರ್ ಲೆಕ್ಕ

ಮ್ಯಾಕ್ಸ್ ತನಕ ತುಂಬಿಸಿ, ಬರೆದಿಟ್ಟು, ಓಡಿಸಿ. ವಾರಕ್ಕೊಮ್ಮೆ ನೋಡಿ. ಮಧ್ಯೆ ಹಾಕಬೇಕಾಗಿ ಬಂದರೆ ಮಿಲಿಲೀಟರ್ ಗೆರೆ ಇರುವ ಬಾಟಲಿಯಲ್ಲಿ ಅಳೆದು ಹಾಕಿ. ಕೊನೆಗೆ ಮತ್ತೆ ಮ್ಯಾಕ್ಸ್‌ಗೆ ತರಲು ಎಷ್ಟು ಬೇಕಾಯಿತು, ಅದೂ ಸೇರಬೇಕು. 1500 ಕಿಲೋಮೀಟರಿಗೆ ಒಟ್ಟು 600 ಮಿಲಿ ಹಿಡಿಯಿತು ಅಂದರೆ, ಸಾವಿರಕ್ಕೆ 400. ಇದು ನಡೆಯುವಾಗ ಬ್ರಾಂಡ್ ಬದಲಾಯಿಸಬೇಡಿ, ಫ್ಲಷ್ ಮಾಡಿಸಬೇಡಿ.

"ಹೊಗೆ ನಿಲ್ಲಿಸುತ್ತದೆ" ಅಂತ ಮಾರುವ ಡಬ್ಬಿಗಳ ಬಗ್ಗೆ ಒಂದು ಮಾತು. ದುಡ್ಡು ದಂಡ. ಅವುಗಳಲ್ಲಿ ಬಹುಪಾಲು ಆಯಿಲನ್ನು ದಪ್ಪ ಮಾಡುತ್ತವೆ, ಬೇರೇನೂ ಅಲ್ಲ. 20ಡಬ್ಲ್ಯೂ-50 ಹಾಕಿ ನೋಡಿ ಅನ್ನುವ ಸಲಹೆಯೂ ಇದೇ ಜಾತಿಯದು. ಹಳೇ ಜೀಪಿಗೆ ಸರಿ, ಸಣ್ಣ ಆಯಿಲ್ ದಾರಿಗಳಿರುವ ಈಗಿನ ಎಂಜಿನ್‌ಗೆ ಅದು ಬೇಡ, ವಾರಂಟಿಯವರಿಗೆ ನೆಪ ಬೇರೆ ಸಿಗುತ್ತದೆ. ಸೀಲ್ ಒಡೆದ ಕ್ಯಾನ್, ಲೂಸ್ ಆಯಿಲ್ ಎರಡನ್ನೂ ಮುಟ್ಟಬೇಡಿ.

5. ಲಕ್ಷಣ ಓದುವುದು

ನೀಲಿ ಹೊಗೆಯನ್ನು ಹುಡುಕಬೇಕು. ನಮ್ಮ ಚಳಿಯಲ್ಲಿ ಬೆಳಿಗ್ಗೆ ಬರುವ ಬಿಳಿ ಹೊಗೆ ಬರೀ ಹಬೆ, ಎಂಜಿನ್ ಬಿಸಿಯಾದ ಮೇಲೆ ಹೋಗುತ್ತದೆ. ರಾತ್ರಿಯಿಡೀ ನಿಂತು ಸ್ಟಾರ್ಟ್ ಮಾಡಿದ ಕೂಡಲೇ ಒಂದು ಬುಗ್ಗೆ ನೀಲಿ ಬಂದು ನಿಂತರೆ ವಾಲ್ವ್ ಸೀಲ್ ಮೇಲೆ ಅನುಮಾನ. ಸಂಪಾಜೆ ಘಾಟಿ ಇಳಿಯುವಾಗ ಗೇರಿನಲ್ಲಿ ಹಿಡಿದು ಬರುತ್ತೀರಲ್ಲ, ಆಗ ಪೆಟ್ರೋಲ್ ಎಂಜಿನ್ನಿನ ಥ್ರಾಟಲ್ ಮುಚ್ಚಿರುತ್ತದೆ, ಒಳಗೆ ಎಳೆತ ಜೋರಾಗಿ ಆಯಿಲ್ ಸೆಳೆಯುತ್ತದೆ. ಇಳಿದ ಮೇಲೆ ಆಕ್ಸಿಲರೇಟರ್ ಒತ್ತಿದಾಗ ಹಿಂದೆ ನೀಲಿ ಕಂಡರೆ ರಿಂಗ್ ಅಥವಾ ವಾಲ್ವ್ ಸೀಲ್ ಮೇಲೆ ಅನುಮಾನ. ಹಿಂದಿನ ಕಾರಿನಲ್ಲಿ ಸ್ನೇಹಿತರನ್ನು ಕೂರಿಸಿ, ಕನ್ನಡಿಯಲ್ಲಿ ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಗೇರಿನಲ್ಲಿ ಇಳಿಯುವುದನ್ನು ಮಾತ್ರ ಇದಕ್ಕಾಗಿ ಬಿಡಬೇಡಿ, ಬ್ರೇಕ್ ಉಳಿಯುವುದು ಮುಖ್ಯ.

ಆಯಿಲ್ ಮುಚ್ಚಳದ ಒಳಗೆ ಹಾಲು ಹಾಕಿದ ಕಾಫಿ ಬಣ್ಣದ ಲೋಳೆ ಕಂಡರೆ ಹೆದರಬೇಡಿ. ಮಳೆಗಾಲದಲ್ಲಿ ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಸಣ್ಣ ಓಡಾಟ ಮಾತ್ರ ಇದ್ದರೆ ಎಂಜಿನ್ ಬಿಸಿಯೇ ಆಗದೆ ತೇವ ಹಾಗೆ ನಿಲ್ಲುತ್ತದೆ. ಕೂಲಂಟೂ ಇಳಿಯುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ ನೋಡಿಸಬೇಕು.

ಬಿಎಸ್6 ಡೀಸೆಲ್ ಇರುವವರಿಗೆ ಬೇರೆ ಮೋಸ ಕಾದಿದೆ. 2020ರ ಏಪ್ರಿಲ್ ನಂತರದ ಈ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ (ಡಿಪಿಎಫ್) ಇರುತ್ತದೆ. ಅದರಲ್ಲಿ ಸೇರಿದ ಮಸಿ ಸುಡುವ ಕೆಲಸ ಅರ್ಧಕ್ಕೆ ನಿಂತರೆ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ, ಲೆವೆಲ್ ಏರುತ್ತದೆ. ಆಯಿಲ್ ಖರ್ಚಾಗುತ್ತಿದ್ದರೂ ಗೊತ್ತಾಗುವುದಿಲ್ಲ. ಲೆವೆಲ್ ಏರಿದ್ದರೆ ಸಂತೋಷಪಡದೆ ಆಯಿಲ್ ಬದಲಾಯಿಸಿ.

6. ಸರ್ವೀಸ್ ಸೆಂಟರಿಗೆ

ಫೋಟೋ, ಲೆಕ್ಕ, ಆಯಿಲ್ ಕೊಂಡ ಬಿಲ್ಲು ಹಿಡಿದು ಹೋಗಿ. ದೂರನ್ನು ಜಾಬ್ ಕಾರ್ಡಿನಲ್ಲಿ ಬರೆಸಿ, ಪ್ರತಿ ಇಟ್ಟುಕೊಳ್ಳಿ. "ಆಯಿಲ್ ಕನ್ಸಂಪ್ಷನ್ ಟೆಸ್ಟ್ ಮಾಡಿ" ಅಂತ ಅದೇ ಹೆಸರಿನಲ್ಲಿ ಕೇಳಿ. ಅವರು ಆಯಿಲ್ ತುಂಬಿಸಿ, ಮುಚ್ಚಳಕ್ಕೂ ಡ್ರೈನ್ ಬೋಲ್ಟಿಗೂ ಸೀಲ್ ಹಾಕಿ, ಓಡಿಸಿ ಬನ್ನಿ ಅನ್ನುತ್ತಾರೆ. ಸೀಲ್ ಇದ್ದರೂ ಲೆವೆಲ್ ನೋಡಲು ದಾರಿ ಇರಬೇಕು, ಅದನ್ನು ಕೇಳಿಕೊಳ್ಳಿ. ಮಿತಿ ಮೀರಿದರೆ ಮೊದಲು ಪಿಸಿವಿ ವಾಲ್ವ್ ನೋಡಿಸಿ, ಅಗ್ಗದ ಭಾಗ. ಆಮೇಲೆ ಕಂಪ್ರೆಷನ್ ಪರೀಕ್ಷೆ, ಟರ್ಬೊ ಇದ್ದರೆ ಅದು, ಎಂಜಿನ್ ಬಿಚ್ಚುವುದು ಕೊನೆಗೆ.

ಅಲ್ಲಿ ಕೆಲಸ ಆಗದಿದ್ದರೆ ಕಂಪನಿಗೆ ಇಮೇಲ್. ಅದೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಮಡಿಕೇರಿಯಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ತೊಂದರೆ ಶುರುವಾದ ಎರಡು ವರ್ಷದೊಳಗೆ ದೂರು ಕೊಡಬೇಕು. "ನೋಡೋಣ ಸರ್, ಮುಂದಿನ ಸರ್ವೀಸಲ್ಲಿ ನೋಡೋಣ" ಅಂತ ಎಳೆಯುವುದರಲ್ಲೇ ಈ ಎರಡು ವರ್ಷ ಮುಗಿಯುತ್ತದೆ.

ಇದೆಲ್ಲ ನಡೆಯುವಷ್ಟು ದಿನ ಮ್ಯಾನುವಲ್ ಹೇಳಿದ ಗ್ರೇಡಿನ ಒಂದು ಲೀಟರ್ ಡಿಕ್ಕಿಯಲ್ಲಿರಲಿ. ಮಾಕುಟ್ಟ ಘಾಟಿಗೋ ಸಂಪಾಜೆ ಘಾಟಿಗೋ ಹೊರಡುವ ಮುಂಚೆ ಲೆವೆಲ್ ನೋಡಿ, ಆಯಿಲ್ ಕಡಿಮೆ ಇದ್ದರೆ ತಿರುವಿನಲ್ಲಿ ಅದು ಪಕ್ಕಕ್ಕೆ ಸರಿದು ಪಂಪಿಗೆ ಗಾಳಿ ಸಿಗುತ್ತದೆ. ಕೆಂಪು ಆಯಿಲ್ ದೀಪ ಲೆವೆಲ್ಲಿನದಲ್ಲ, ಒತ್ತಡದ್ದು. ತಿರುವಿನಲ್ಲಿ ಒಂದು ಕ್ಷಣ ಮಿನುಗಿದರೂ ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಲೆವೆಲ್ ನೋಡಿ, ಕಡಿಮೆ ಇದ್ದರೆ ಆಯಿಲ್ ಹಾಕಿ. ಆಮೇಲೂ ದೀಪ ಆರದಿದ್ದರೆ ಕಾರು ಎಳೆಸಿಕೊಂಡು ಹೋಗಿ, ಓಡಿಸಬೇಡಿ.