ಮಲಗುವ ಮುನ್ನ ಹಾಲು, ಮೊಸರು, ಪೇಡಾ: ಯಾವುದು, ಎಷ್ಟು, ಯಾವಾಗ

ಹುಬ್ಬಳ್ಳಿ-ಧಾರವಾಡದ ಅನೇಕ ಮನೆಗಳಲ್ಲಿ ರಾತ್ರಿಯ ಊಟ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿಗಳಿಂದ ಆರಂಭವಾಗಿ ಗಟ್ಟಿ ಮೊಸರಿನಲ್ಲಿ ಮುಗಿಯುತ್ತದೆ. ಅದಾದ ಮೇಲೂ ಒಂದು ಲೋಟ ಬಿಸಿ ಹಾಲು ಕುಡಿಯದಿದ್ದರೆ ಕೆಲವರಿಗೆ ನಿದ್ದೆಯೇ ಬರುವುದಿಲ್ಲ. ನಡುರಾತ್ರಿ ಹೊಟ್ಟೆ ಉಬ್ಬರಿಸಿ ಎಚ್ಚರವಾದರೆ ಬೈಗುಳ ಬೀಳುವುದು ಸಂಜೆ ತಿಂದ ಮಿರ್ಚಿ ಭಜಿಗೆ, ಹಾಲಿಗಲ್ಲ. ಹಾಗೆಂದು ರಾತ್ರಿ ಹೈನು ಪದಾರ್ಥಗಳನ್ನೆಲ್ಲ ಬಿಟ್ಟುಬಿಡಬೇಕಾಗಿಲ್ಲ. ಹಾಲು, ಮಜ್ಜಿಗೆ, ಪೇಡಾಗಳು ಜೀರ್ಣವಾಗುವ ರೀತಿ ಬೇರೆಬೇರೆಯಾಗಿರುವುದರಿಂದ ಅವುಗಳನ್ನು ಬೇರೆಬೇರೆಯಾಗಿಯೇ ನೋಡಬೇಕು.

ಹಾಲಿನಲ್ಲಿ ಮೊದಲು ಗಮನಿಸಬೇಕಾದದ್ದು ಲ್ಯಾಕ್ಟೋಸ್ ಎಂಬ ಸಕ್ಕರೆ. 200 ಮಿ.ಲೀ. ಹಾಲಿನಲ್ಲಿ ಇದು ಸುಮಾರು 10 ಗ್ರಾಂ ಇರುತ್ತದೆ. ಇದನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಸಣ್ಣ ಕರುಳಿನಲ್ಲಿ ಹುಟ್ಟುತ್ತದೆಯಾದರೂ, ಬಾಲ್ಯ ಕಳೆದಂತೆ ಹಲವರಲ್ಲಿ ಅದರ ಪ್ರಮಾಣ ಇಳಿಯುತ್ತದೆ. ಆಗ ಒಡೆಯದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಇಳಿದು, ನೀರನ್ನು ಎಳೆದುಕೊಂಡು, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುದುಗಿ ಗಾಳಿಯಾಗುತ್ತದೆ. ಕುಡಿದ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಹೊಟ್ಟೆ ಗುಡುಗುಟ್ಟುವುದು, ಉಬ್ಬರಿಸುವುದು, ಕೆಲವೊಮ್ಮೆ ತೆಳ್ಳಗೆ ಭೇದಿಯಾಗುವುದು ಇದರ ಲಕ್ಷಣ. ಇಂಥವರಲ್ಲೂ ಬಹಳ ಮಂದಿ ಒಮ್ಮೆಗೆ 12 ಗ್ರಾಂವರೆಗಿನ ಲ್ಯಾಕ್ಟೋಸನ್ನು ಹೆಚ್ಚು ತೊಂದರೆಯಿಲ್ಲದೆ ತಾಳಿಕೊಳ್ಳುತ್ತಾರೆ, ಅದರಲ್ಲೂ ಊಟದೊಂದಿಗೆ ಸೇವಿಸಿದಾಗ. ಆದ್ದರಿಂದ ಖಾಲಿ ಹೊಟ್ಟೆಗೆ ತುಂಬು ಲೋಟ ಕುಡಿಯುವ ಬದಲು, ಊಟದ ಬೆನ್ನಿಗೇ ಅರ್ಧ ಲೋಟ ಕುಡಿಯುವುದು ಲೇಸು.

ಎರಡನೆಯದು ಕೊಬ್ಬು. ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಶೇ. 3ರಷ್ಟು ಕೊಬ್ಬಿದ್ದರೆ, ಗೌಳಿಗರ ಮನೆಯಿಂದ ಬರುವ ಎಮ್ಮೆ ಹಾಲಿನಲ್ಲಿ ಅದು ಶೇ. 7ರ ಆಸುಪಾಸಿನಲ್ಲಿರುತ್ತದೆ. ಕೊಬ್ಬು ಹೆಚ್ಚಾದಷ್ಟೂ ಜಠರ ಖಾಲಿಯಾಗುವುದು ನಿಧಾನ. ತುಂಬಿದ ಜಠರದೊಂದಿಗೆ ಅಡ್ಡಾದರೆ ಆಮ್ಲ ಅನ್ನನಾಳದತ್ತ ಮೇಲೇರುವುದು ಸುಲಭ. ಎಮ್ಮೆ ಹಾಲನ್ನೇ ಕುಡಿಯುವವರು ಬೆಳಿಗ್ಗೆ ಕಾಯಿಸಿದ ಹಾಲನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಅಲುಗಾಡಿಸದೆ ಆರಿಸಿ ಫ್ರಿಜ್ಜಿನಲ್ಲಿ ಇಡಬೇಕು. ಸಂಜೆಯ ಹೊತ್ತಿಗೆ ಮೇಲೆ ದಪ್ಪನಾದ, ಸುಕ್ಕುಗಟ್ಟಿದ ಕೆನೆ ನಿಂತಿರುತ್ತದೆ. ಚಮಚದ ಅಂಚಿನಿಂದ ಪಾತ್ರೆಯ ಸುತ್ತ ಒಮ್ಮೆ ಬಿಡಿಸಿ ಎತ್ತಿದರೆ ಹಾಳೆಯಂತೆ ಇಡಿಯಾಗಿ ಬರುತ್ತದೆ. ಅದು ಬೆಣ್ಣೆಯ ಡಬ್ಬಿಗೆ, ಉಳಿದ ಹಾಲು ಲೋಟಕ್ಕೆ. ಕೆನೆ ತೆಗೆದರೆ ಕೊಬ್ಬು ಇಳಿಯುತ್ತದೆಯೇ ಹೊರತು ಲ್ಯಾಕ್ಟೋಸ್ ಇಳಿಯುವುದಿಲ್ಲ ಎಂಬುದು ನೆನಪಿರಲಿ.

ಎದೆ ಉರಿಗೆ ತಣ್ಣನೆಯ ಹಾಲೇ ಮದ್ದು ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಕುಡಿದ ಗಳಿಗೆಯಲ್ಲಿ ಉರಿ ತಗ್ಗುತ್ತದೆ. ಆದರೆ ಹಾಲಿನ ಪ್ರೋಟೀನು ಮತ್ತು ಕ್ಯಾಲ್ಸಿಯಂ ಜಠರವನ್ನು ಪ್ರಚೋದಿಸಿ ಮತ್ತೆ ಆಮ್ಲ ಸುರಿಯುವಂತೆ ಮಾಡುತ್ತವೆ. ಉರಿ ಪದೇಪದೇ ಬರುವವರು ಹಾಲು ಸೇರಿದಂತೆ ಇಡೀ ಊಟವನ್ನು ಮಲಗುವ ಎರಡು-ಮೂರು ಗಂಟೆ ಮೊದಲೇ ಮುಗಿಸಬೇಕು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು 15ರಿಂದ 20 ಸೆಂ.ಮೀ. ಎತ್ತರಿಸಿ, ಎಡಮಗ್ಗುಲಾಗಿ ಮಲಗುವುದರಿಂದಲೂ ಅನುಕೂಲವಾಗುತ್ತದೆ. ದಿಂಬುಗಳನ್ನು ಪೇರಿಸಿದರೆ ಹೊಟ್ಟೆ ಮಡಚಿಕೊಳ್ಳುತ್ತದೆಯೇ ಹೊರತು ಪ್ರಯೋಜನವಿಲ್ಲ.

ಪೇಡಾದ ವಿಷಯದಲ್ಲಿ ಧಾರವಾಡದವರಿಗೆ ಬುದ್ಧಿ ಹೇಳುವುದು ಕಷ್ಟ. ಆದರೂ ಲೆಕ್ಕ ಸರಳವಾಗಿದೆ: ಒಂದು ಕಿಲೋ ಖವಾ ಆಗಲು ನಾಲ್ಕೈದು ಲೀಟರ್ ಹಾಲು ಬತ್ತಬೇಕು. ಆವಿಯಾಗಿ ಹೋಗುವುದು ನೀರು ಮಾತ್ರ. ಲ್ಯಾಕ್ಟೋಸು, ಕೊಬ್ಬು ಎರಡೂ ಅಲ್ಲಿಯೇ ಉಳಿಯುತ್ತವೆ, ಮೇಲೆ ಸಕ್ಕರೆಯೂ ಸೇರುತ್ತದೆ. ಪೇಡಾ ಮತ್ತು ಬಾಸುಂದಿಗೆ ಮಧ್ಯಾಹ್ನವೇ ಸರಿಯಾದ ಹೊತ್ತು.

ಮೊಸರಿನ ಕಥೆ ಬೇರೆ. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದು ಭಾಗವನ್ನು ಆಮ್ಲವಾಗಿಸುತ್ತವೆ; ಉಳಿದದ್ದನ್ನು ಕರುಳಿನಲ್ಲಿ ಒಡೆಯಲೂ ಅವುಗಳ ಕಿಣ್ವ ನೆರವಾಗುತ್ತದೆ. ಹಾಲು ಒಗ್ಗದ ಅನೇಕರಿಗೆ ಮೊಸರು ಒಗ್ಗುವುದು ಇದರಿಂದಲೇ. ಆಯುರ್ವೇದ ರಾತ್ರಿ ಮೊಸರನ್ನು ನಿಷೇಧಿಸುತ್ತದೆ, ಆಧುನಿಕ ವೈದ್ಯಶಾಸ್ತ್ರದಲ್ಲಿ ಅಂಥ ಸಾರ್ವತ್ರಿಕ ನಿಷೇಧವಿಲ್ಲ. ಹಿರಿಯರ ಮಾತನ್ನು ಮೀರಲು ಮನಸ್ಸಿಲ್ಲದವರಿಗೆ ಮಜ್ಜಿಗೆ ಇದ್ದೇ ಇದೆ. ಹುಳಿಯಾಗದ ಒಂದು ವಾಟಗ ಮೊಸರಿಗೆ ಮೂರು ವಾಟಗ ನೀರು ಹಾಕಿ ಚೆನ್ನಾಗಿ ಕಡೆದು, ತೇಲಿದ ಬೆಣ್ಣೆ ತೆಗೆದು, ಹುರಿದ ಜೀರಿಗೆಯ ಪುಡಿ ಮತ್ತು ತುಸು ಉಪ್ಪು ಸೇರಿಸಿರಿ. ರಾತ್ರಿಯ ಮಜ್ಜಿಗೆಗೆ ಹಸಿಮೆಣಸಿನಕಾಯಿ ಬೇಡ.

ನಿಮ್ಮ ಹೊಟ್ಟೆಗೆ ಯಾವುದು ಒಗ್ಗದು ಎಂದು ತಿಳಿಯಲು ಒಂದು ವಾರ ರಾತ್ರಿ ಹೈನನ್ನು ಪೂರ್ತಿ ನಿಲ್ಲಿಸಿರಿ. ಬಳಿಕ ಮಜ್ಜಿಗೆ, ಮೊಸರು, ಹಾಲು ಎಂಬ ಕ್ರಮದಲ್ಲಿ, ಒಂದೊಂದಕ್ಕೂ ಎರಡು-ಮೂರು ರಾತ್ರಿ ಕೊಟ್ಟು, ಉಳಿದ ಊಟವನ್ನು ಬದಲಿಸದೆ ಮರಳಿ ಆರಂಭಿಸಿರಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ನುಂಗುವಾಗ ತೊಡಕು ಕಂಡರೆ ಇಂಥ ಪರೀಕ್ಷೆಗಳಿಗೆ ಕೂರದೆ ವೈದ್ಯರಲ್ಲಿಗೆ ಹೋಗಬೇಕು. ಹಾಲು ಕುಡಿದೊಡನೆ ಮೈಮೇಲೆ ದದ್ದು, ಉಸಿರಾಟದ ತೊಂದರೆ ಕಾಣಿಸುವುದು ಅಲರ್ಜಿ. ಅಂಥವರು ಮಜ್ಜಿಗೆಯನ್ನೂ ಪ್ರಯತ್ನಿಸಬಾರದು. ಕಬ್ಬಿಣಾಂಶದ ಮಾತ್ರೆ, ಥೈರಾಯ್ಡ್ ಮಾತ್ರೆ ಮತ್ತು ಸಿಪ್ರೊಫ್ಲಾಕ್ಸಸಿನ್‌ನಂಥ ಕೆಲವು ಆ್ಯಂಟಿಬಯೋಟಿಕ್‌ಗಳನ್ನು ರಾತ್ರಿ ಹಾಲಿನೊಂದಿಗೆ ನುಂಗಿದರೆ ಕ್ಯಾಲ್ಸಿಯಂ ಅವುಗಳನ್ನು ಸರಿಯಾಗಿ ಹೀರಿಕೊಳ್ಳಲು ಬಿಡುವುದಿಲ್ಲ. ಅವುಗಳಿಗೆ ನೀರೇ ಇರಲಿ.