ಗೀಟು ಹೊಡೆದ ಸಾಲುಗಳು: ಒಂದು ಕಥಾ ಆಟದ ನಾಯಕಿಯನ್ನು ನಾನು ಕಟ್ಟಿದ ಬಗೆ

ಜಗದೇವಿಗೆ 34 ವರ್ಷ. ಊರು ಜೇವರ್ಗಿ ತಾಲ್ಲೂಕಿನಲ್ಲಿ, ಭೀಮಾ ನದಿಗೆ ಹತ್ತಿರ. ಗಂಡ ಮುಂಬೈಯಲ್ಲಿ ಕಟ್ಟಡದ ಕೆಲಸ ಮಾಡಿ, ಕೂಡಿಟ್ಟ ಹಣದಲ್ಲಿ 3 ಎಕರೆ ತೊಗರಿ ಹೊಲ ಕೊಂಡು, ಆಮೇಲೆ ತೀರಿಕೊಂಡ. ಪಹಣಿ ಇನ್ನೂ ಅವನ ಹೆಸರಿನಲ್ಲೇ ಇದೆ. ಹೊಲ ಮಾಡುವವನು ಭಾವ. ರಾಶಿ ಮುಗಿದ ಮೇಲೆ ಇವಳಿಗೆ ಎಷ್ಟು ಚೀಲ ಎಂದು ನಿರ್ಧರಿಸುವವನೂ ಅವನೇ. ಮನೆಯಲ್ಲಿ ಹತ್ತು ವರ್ಷದ ಮಗಳು ಮತ್ತು ಅತ್ತೆ ಇದ್ದಾರೆ. ತೊಗರಿಯ ಕುಡಿ ಚಿವುಟುವ ದಿನಗಳಿಂದ ರಾಶಿಯ ದಿನಗಳವರೆಗೆ, ಆ ಪಹಣಿಯಲ್ಲಿ ಹೆಸರು ಬದಲಿಸಲು ಜಗದೇವಿ ಪಡುವ ಪಾಡೇ ನಾನು ಕಟ್ಟಿದ ಕಥಾ ಆಟ. ಅವಳು ನನ್ನ ಕಲ್ಪನೆಯವಳು. ಸತ್ತವರ ಹೆಸರಿನಲ್ಲೇ ಉಳಿದ ಪಹಣಿಗಳನ್ನು ಮಾತ್ರ ನಮ್ಮ ಕಡೆ ಹುಡುಕಿಕೊಂಡು ಹೋಗಬೇಕಾಗಿಲ್ಲ.

ನಾನು ಕಲಬುರಗಿಯ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತೇನೆ, ಸಣ್ಣ ಕಥೆ ಬರೆಯುತ್ತೇನೆ. ಓದುವವರೇ ಮುಂದಿನ ಹೆಜ್ಜೆ ಆರಿಸಿಕೊಳ್ಳುವಂಥ ಕಥೆ ಬರೆಯಬೇಕೆಂಬ ಆಸೆ ಹುಟ್ಟಿದ್ದು ವಿದ್ಯಾರ್ಥಿಗಳಿಂದ. ಅವರಲ್ಲೊಬ್ಬಳು ಟ್ವೈನ್ ಎಂಬ ಉಚಿತ ತಂತ್ರಾಂಶವನ್ನು ತೋರಿಸಿದಳು. ಕ್ರಿಸ್ ಕ್ಲೈಮಸ್ 2009ರಲ್ಲಿ ಹೊರತಂದದ್ದು. ಒಂದೊಂದು ತುಣುಕನ್ನು ಒಂದೊಂದು ಚೌಕದಲ್ಲಿ ಬರೆದು, ಮುಂದೆ ಹೋಗಬೇಕಾದ ತುಣುಕಿನ ಹೆಸರನ್ನು ಜೋಡಿ ಚೌಕಾವರಣದಲ್ಲಿ ಇಟ್ಟರೆ ಕೊಂಡಿ ತಾನಾಗಿ ಬೆಸೆಯುತ್ತದೆ. ಯೂನಿಕೋಡ್ ಕನ್ನಡವನ್ನು ತಕರಾರಿಲ್ಲದೆ ತೋರಿಸುತ್ತದೆ. ಕೊನೆಗೆ ಇಡೀ ಆಟ ಬ್ರೌಸರ್‌ನಲ್ಲಿ ತೆರೆಯುವ ಒಂದೇ ಕಡತವಾಗಿ ಸಿಗುತ್ತದೆ. ಮೊಬೈಲ್‌ನಿಂದ ಮೊಬೈಲ್‌ಗೆ ಕಳುಹಿಸಬಹುದು. ಪ್ರೋಗ್ರಾಮಿಂಗ್ ಬಾರದ ನನ್ನಂಥವಳಿಗೆ ಇಷ್ಟು ಸಾಕಾಯಿತು.

ಕಷ್ಟವಿದ್ದದ್ದು ನಾಯಕಿಯಲ್ಲಿ. ಗಟ್ಟಿ ಹೆಣ್ಣು ಎಂದಾಗ ನಮ್ಮ ಕಣ್ಣ ಮುಂದೆ ಮೊದಲು ಬರುವುದು ಹೊಡೆಯುವ ಹೆಣ್ಣು. 1990ರ ದಶಕದಲ್ಲಿ ಮಾಲಾಶ್ರೀ ಅವರನ್ನು ತೆರೆಯ ಮೇಲೆ ನೋಡಿ ಚಪ್ಪಾಳೆ ತಟ್ಟಿದ ಹುಡುಗಿಯರಲ್ಲಿ ನಾನೂ ಒಬ್ಬಳು. ಆ ಖುಷಿಯನ್ನು ಈಗಲೂ ಸಣ್ಣದು ಎನ್ನಲಾರೆ. ಆಟಗಳ ಲೋಕದಲ್ಲಿ 1996ರ ಲಾರಾ ಕ್ರಾಫ್ಟ್ ಎರಡು ಕೈಯಲ್ಲೂ ಪಿಸ್ತೂಲು ಹಿಡಿದು ಬಂದಳು. ಪುಣೆಯ ತಂಡವೊಂದು 2020ರಲ್ಲಿ ಹೊರತಂದ ಆಟದ ನಾಯಕಿ ರಾಜಿ, ದುರ್ಗೆ ಕೊಟ್ಟ ತ್ರಿಶೂಲ ಹಿಡಿದು ತಮ್ಮನನ್ನು ಹುಡುಕುತ್ತಾಳೆ. ಇವರೆಲ್ಲ ಬೇಕು. ಆದರೆ ಜೇವರ್ಗಿಯ ಹೊಲದಲ್ಲಿ ತ್ರಿಶೂಲ ಇಟ್ಟರೆ ಅದು ಯಾರ ಎದೆಗೆ ಗುರಿಯಿಡಬೇಕು? ಭಾವ ರಾಕ್ಷಸನಲ್ಲ. ತಮ್ಮನ ಶವವನ್ನು ಮುಂಬೈಯಿಂದ ತಂದವನು ಅವನೇ.

ನನಗೆ ದಾರಿ ತೋರಿಸಿದವರು ಹತ್ತಿರದಲ್ಲೇ ಇದ್ದರು. ಬೀದರ ಜಿಲ್ಲೆಯ ಬಸವಕಲ್ಯಾಣ, ಅಂದರೆ ಶರಣರ ಕಲ್ಯಾಣ. ಅಲ್ಲಿ ಆಯ್ದಕ್ಕಿ ಲಕ್ಕಮ್ಮನ ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಒಂದು ದಿನ ರೂಢಿಗಿಂತ ಹೆಚ್ಚು ತಂದಾಗ, ಈ ಆಸೆ ನಿನಗೇಕೆ ಎಂದು ಕೇಳಿ, ಹೆಚ್ಚಿನ ಅಕ್ಕಿಯನ್ನು ತಿರುಗಿ ಸುರಿದು ಬಾ ಎಂದು ಅವನನ್ನು ಕಳುಹಿಸಿದಳು. ಮನೆಯಲ್ಲಿ ಅಕ್ಕಿ ಇಲ್ಲದ ಹೆಣ್ಣು ಅಕ್ಕಿ ಬೇಡ ಎಂದ ಆ ಗಳಿಗೆಗಿಂತ ಬಲವಾದ ದೃಶ್ಯವನ್ನು ನಾನು ಯಾವ ಆಟದಲ್ಲೂ ಕಂಡಿಲ್ಲ. ಎಂಟು ಶತಮಾನ ದಾಟಿ ಬಂದರೆ, 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ನಮ್ಮ ಜಿಲ್ಲೆಯ ಗೀತಾ ನಾಗಭೂಷಣ ಸಿಗುತ್ತಾರೆ. ದುಡಿಯುವ ಹೆಣ್ಣುಮಕ್ಕಳ ಹಸಿವು, ಸಿಟ್ಟು, ಆಸೆಗಳನ್ನು ಅವರು ಮುಚ್ಚುಮರೆಯಿಲ್ಲದೆ ಬರೆದರು. ಹೆಣ್ಣಿನ ಬಲವನ್ನು ಅವಳ ದಿನದ ಕೆಲಸದೊಳಗೇ ಹುಡುಕಬೇಕು ಎಂಬುದನ್ನು ನಾನು ಕಲಿತದ್ದು ಇವರಿಬ್ಬರಿಂದ.

ಆಟ ಎಂದ ಮೇಲೆ ಲೆಕ್ಕ ಇರಬೇಕು. ಟ್ವೈನ್‌ನಲ್ಲಿ ಅದಕ್ಕೆ ಚರಾಂಕಗಳನ್ನು ಇಟ್ಟುಕೊಳ್ಳುತ್ತೇವೆ: ಆಟಗಾರರ ಆಯ್ಕೆಗೆ ತಕ್ಕಂತೆ ಏರಿಳಿಯುವ ಸಂಖ್ಯೆಗಳು. ಧೈರ್ಯ ಎಂಬ ಚರಾಂಕ ಇಡು ಎಂದು ವಿದ್ಯಾರ್ಥಿಗಳು ಒತ್ತಾಯಿಸಿದರು. ನಾನು ಒಪ್ಪಲಿಲ್ಲ. ಧೈರ್ಯವನ್ನು ಅಂಕಿಯಾಗಿಸಿದ ಕೂಡಲೇ, ಹೆಣ್ಣು ಸುಮ್ಮನಿದ್ದರೆ ಅವಳಲ್ಲಿ ಅದು ಕಡಿಮೆ ಇದೆ ಎಂದಾಗುತ್ತದೆ; ಕೊರತೆಯನ್ನೆಲ್ಲ ಅವಳ ತಲೆಗೆ ಕಟ್ಟಿದಂತಾಗುತ್ತದೆ. ನಾನು ಇಟ್ಟದ್ದು ಹಣ, ಹೊತ್ತು, ಸುದ್ದಿ. ಮೊದಲ ಎರಡು ಯಾರಿಗಾದರೂ ಅರ್ಥವಾಗುತ್ತವೆ. ಮೂರನೆಯದು, ಜಗದೇವಿ ಏನು ಮಾಡುತ್ತಿದ್ದಾಳೆ ಎಂಬುದು ಊರಿನಲ್ಲಿ ಎಷ್ಟು ಹರಡಿದೆ ಎನ್ನುವ ಲೆಕ್ಕ. ಅದು ಒಂದು ಮಟ್ಟ ಮುಟ್ಟಿದರೆ ಭಾವ ಹೋಗಿ ತಕರಾರು ಅರ್ಜಿ ಕೊಡುತ್ತಾನೆ.

ಬರೆಯಲು ಶುರು ಮಾಡಿದಾಗ ಊರಿನಿಂದ ನಾಡಕಚೇರಿಗೆ ಹೋಗುವ ಪ್ರತಿ ಬಸ್ ಪ್ರಯಾಣಕ್ಕೂ ಹಣ ಕಳೆಯುತ್ತಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂತು, ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದರ ಇಲ್ಲವಾಯಿತು, ನನ್ನ ಆಟದ ನಿಯಮವೂ ಬದಲಾಗಬೇಕಾಯಿತು. ಟಿಕೆಟ್ ಹೋಯಿತು, ಆ ದಿನದ ಕೂಲಿ ಹೋಗುವುದು ಹಾಗೇ ಉಳಿಯಿತು. ಬಸ್ಸಿನಲ್ಲಿ ಕುಳಿತವರೆಲ್ಲ ಅವಳ ಊರಿನವರೇ ಆದ್ದರಿಂದ, ಎಲ್ಲಿಗೆ ಹೊರಟೆ ಎಂಬ ಪ್ರಶ್ನೆ ಬರುತ್ತದೆ, ಸುದ್ದಿ ಏರುತ್ತದೆ. ಸುಳ್ಳು ಹೇಳಬಹುದು: ದವಾಖಾನೆಗೆ, ಮಗಳ ಶಾಲೆಯ ಕಾಗದಕ್ಕೆ. ಒಂದೇ ಸುಳ್ಳನ್ನು ಎರಡು ಸಲ ಹೇಳಿದರೆ ನಂಬುವುದಿಲ್ಲ. ಈ ಭಾಗ ಬರೆಯುವಾಗ ನನಗೆ ಬಂದ ಉತ್ಸಾಹ ಇಡೀ ಆಟದಲ್ಲಿ ಬೇರೆಲ್ಲೂ ಬರಲಿಲ್ಲ.

ಸಾಹಸದ ಆಟಗಳಲ್ಲಿ ಬೀಗದ ಕೈ, ನಕ್ಷೆ, ಕತ್ತಿಗಳನ್ನು ಸಂಗ್ರಹಿಸುತ್ತಾರಲ್ಲ, ಜಗದೇವಿಯ ಚೀಲದಲ್ಲಿ ಸೇರುವುದು ಮರಣ ಪ್ರಮಾಣಪತ್ರ, ವಂಶಾವಳಿ, ಆಧಾರ್, ಪಹಣಿಯ ಪ್ರತಿ. ಪೌತಿ ಖಾತೆ, ಅಂದರೆ ಸತ್ತವರ ಹೆಸರಿನ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈಗ ಗೀಟು ಹೊಡೆದ ಸಾಲಿನ ವಿಷಯ. 2013ರಲ್ಲಿ ಜೋಯಿ ಕ್ವಿನ್ ಮತ್ತು ಜೊತೆಗಾರರು ಟ್ವೈನ್‌ನಲ್ಲೇ ಕಟ್ಟಿದ 'ಡಿಪ್ರೆಶನ್ ಕ್ವೆಸ್ಟ್' ಎಂಬ ಆಟವಿದೆ. ಖಿನ್ನತೆಯಿಂದ ಬಳಲುವವರಿಗೆ ಕೈಗೆಟುಕದ ಆಯ್ಕೆಗಳನ್ನು ಅದು ಮರೆಮಾಡುವುದಿಲ್ಲ. ಪರದೆಯ ಮೇಲೇ ಇಟ್ಟು ಅಡ್ಡಗೀಟು ಎಳೆಯುತ್ತದೆ. ಓದಬಹುದು, ಒತ್ತಲಾಗದು. ನೋಡಿದ ದಿನವೇ ಇದು ಜಗದೇವಿಗೆ ಬೇಕು ಅನ್ನಿಸಿತು. ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಏನು ಹೇಳಬೇಕೆಂದು ಗೊತ್ತಿರುವುದಿಲ್ಲ ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ. ಹಾಗಾಗಿ ಮೊದಲ ದೃಶ್ಯದಲ್ಲೇ, ಭಾವ ಅಂಗಳದಲ್ಲಿ ಚೀಲ ಇಳಿಸುವಾಗ, ಪರದೆಯ ಮೇಲೆ 'ಹೊಲದ ಕಾಗದ ಎಲ್ಲಿದೆ ಎಂದು ಕೇಳು' ಎಂಬ ಸಾಲು ಗೀಟಿನೊಂದಿಗೆ ಕಾಣುತ್ತದೆ. ಟ್ವೈನ್‌ನಲ್ಲಿ ಕಥೆ ಬರೆಯಲು ಇರುವ ಮಾದರಿಗಳಲ್ಲೊಂದಾದ ಹಾರ್ಲೋದಲ್ಲಿ ಇದನ್ನು ಮಾಡುವುದು ಸುಲಭ: ಷರತ್ತು ಪೂರೈಸಿದರೆ ಕೊಂಡಿ, ಇಲ್ಲದಿದ್ದರೆ ಅದೇ ಸಾಲು ಗೀಟಿನೊಳಗೆ.

ಆ ಷರತ್ತು ಏನಿರಬೇಕು ಎಂಬುದರಲ್ಲಿ ನನ್ನ ನಂಬಿಕೆಯೆಲ್ಲ ಇದೆ. ಹಣ ಹೆಚ್ಚಿದರೆ ಗೀಟು ಹೋಗುವುದಿಲ್ಲ. ಒಬ್ಬರು ಅವಳ ಪಕ್ಕದಲ್ಲಿ ನಿಂತರೆ ಹೋಗುತ್ತದೆ. ಸ್ವಸಹಾಯ ಸಂಘದ ಲೆಕ್ಕ ಬರೆಯುವ ಫರ್ಜಾನಾ ಜೊತೆಗೆ ಬಂದರೆ ಗ್ರಾಮ ಆಡಳಿತಾಧಿಕಾರಿಯ ಮುಂದೆ ಒಂದು ಸಾಲು ತೆರೆಯುತ್ತದೆ. ಓಣಿಯ ಹಿರಿಯಳೊಬ್ಬಳು ಜಗಲಿಯ ಮೇಲೆ ಕುಳಿತಿದ್ದರೆ ಭಾವನ ಮುಂದೆ ಇನ್ನೊಂದು ತೆರೆಯುತ್ತದೆ. ಆ ಹಿರಿಯಳು ಮಾತಾಡುವುದೂ ಇಲ್ಲ, ಕುಳಿತಿರುತ್ತಾಳೆ ಅಷ್ಟೇ. ಒಂಟಿಯಾಗಿ ಎಲ್ಲವನ್ನೂ ಗೆಲ್ಲುವ ನಾಯಕಿಯ ಕಥೆ, ಗೆಲ್ಲದವರನ್ನು ಬಹಳ ಸದ್ದಿಲ್ಲದೆ ಅವಮಾನಿಸುತ್ತದೆ ಎಂದು ನನಗೆ ಅನ್ನಿಸುತ್ತದೆ.

ಕಥೆಯನ್ನು ತಿರುಗಿಸಿದ್ದು ಕಾನೂನಿನ ಓದು. ಅತ್ತೆಯನ್ನು ಅಡ್ಡಿಯಾಗಿ ಬರೆಯುವುದು ನಮ್ಮ ಧಾರಾವಾಹಿಗಳ ಹಳೆಯ ಚಾಳಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಸ್ವಯಾರ್ಜಿತ ಆಸ್ತಿಗೆ ಹೆಂಡತಿ, ಮಕ್ಕಳು ಮತ್ತು ತಾಯಿ ಮೊದಲ ದರ್ಜೆಯ ವಾರಸುದಾರರು, ಪಾಲು ಸಮ. ಅವರಿರುವಾಗ ಅಣ್ಣನಿಗೆ ಏನೂ ಬರುವುದಿಲ್ಲ. ಅಂದರೆ ಆ 3 ಎಕರೆಯಲ್ಲಿ ಜಗದೇವಿಗೆ ಒಂದು, ಮಗಳಿಗೆ ಒಂದು, ಅತ್ತೆಗೆ ಒಂದು. ಹೊಲ ಮೂವರು ಹೆಣ್ಣುಮಕ್ಕಳದ್ದು, ಮೂವರಲ್ಲಿ ಇಬ್ಬರಿಗೆ ಅದು ಗೊತ್ತಿಲ್ಲ. ಇದು ತಿಳಿದ ಮೇಲೆ ಅತ್ತೆಯ ಪಾತ್ರವನ್ನು ಬುಡದಿಂದ ಬರೆಯತೊಡಗಿದೆ. (ಹೊಲವನ್ನು ಗಂಡನ ಸ್ವಂತ ದುಡಿಮೆಯದಾಗಿ ಮಾಡಿದ್ದಕ್ಕೂ ಕಾರಣವಿದೆ. ಪಿತ್ರಾರ್ಜಿತವಾದರೆ ಪಾಲಿನ ಲೆಕ್ಕ ಬೇರೆ, ಅದಕ್ಕೆ ಇನ್ನೊಂದು ಆಟವೇ ಬೇಕು.)

ಅತ್ತೆಗೆ ತವರಿನಲ್ಲಿಯೂ ಹೊಲವಿತ್ತು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತಾದರೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ಆ ಗೋಡೆ ಬಿದ್ದದ್ದು 2005ರ ಕೇಂದ್ರ ತಿದ್ದುಪಡಿಯಿಂದ. ಅದು ಬರುವ ಹೊತ್ತಿಗೆ ಅತ್ತೆಯ ಅಣ್ಣತಮ್ಮಂದಿರು ಒಂದು ಇಳಕಲ್ ಸೀರೆ ಉಡಿಸಿ ಪಾಲು ಹಂಚಿಕೊಂಡು ಮುಗಿಸಿದ್ದರು. ಇಷ್ಟನ್ನು ನಾನು ಅತ್ತೆಯ ಬಾಯಿಂದ ಒಂದೇ ಸಲಕ್ಕೆ ಹೇಳಿಸಲಿಲ್ಲ. ಆಟಗಾರರು ಅವಳ ಜೊತೆ ಕುಳಿತು ರೊಟ್ಟಿ ಬಡಿದರೆ, ಅವಳ ಮೊಣಕಾಲಿಗೆ ಎಣ್ಣೆ ಹಚ್ಚಿದರೆ, ಟ್ರಂಕಿನಲ್ಲಿರುವ ಸೀರೆಯ ಬಗ್ಗೆ ಕೇಳಿದರೆ, ಒಂದೊಂದೇ ತುಣುಕು ಸಿಗುತ್ತದೆ. ಅವಸರ ಮಾಡಿ ಕಚೇರಿಗೆ ಮಾತ್ರ ಓಡಾಡಿದವರಿಗೆ ಅತ್ತೆ ಕೊನೆಯವರೆಗೂ ಗೋಡೆಯಾಗಿಯೇ ಉಳಿಯುತ್ತಾಳೆ.

ಎಳ್ಳ ಅಮಾವಾಸ್ಯೆಯ ದೃಶ್ಯ ಇದರ ಫಲ. ಆ ದಿನ ಕಲಬುರಗಿ, ಬೀದರ ಕಡೆಯ ಮನೆಗಳೆಲ್ಲ ಬೀಗ ಹಾಕಿಕೊಂಡು ಹೊಲಕ್ಕೆ ಹೋಗುತ್ತವೆ. ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಅಂಬಲಿ. ಭೂತಾಯಿಗೆ ಪೂಜೆ, ಹೊಲದ ಸುತ್ತಲೂ ಎಡೆ ಚೆಲ್ಲುವ ಚರಗ. ವಾರಗಟ್ಟಲೆ ನಸುಕಿನಲ್ಲಿ ಎದ್ದು ಅಡುಗೆಗೆ ಅಣಿಮಾಡುವವರು ಹೆಂಗಸರು. ಯಾರ ಹೊಲ ಎಂದು ದಾರಿಹೋಕರು ಕೇಳಿದರೆ ಬರುವುದು ಗಂಡಸಿನ ಹೆಸರು. ಆಟದಲ್ಲಿ ಎಲ್ಲರೂ ಊಟಕ್ಕೆ ಕುಳಿತಾಗ, ಮೊದಲ ದೃಶ್ಯದ ಅದೇ ಸಾಲು ಮತ್ತೆ ಪರದೆಗೆ ಬರುತ್ತದೆ. ಅತ್ತೆಯ ಕಥೆಯನ್ನು ಪೂರ್ತಿ ಕೇಳಿದ್ದವರಿಗೆ ಗೀಟು ಇರುವುದಿಲ್ಲ, ಆದರೆ ಸಾಲು ಸ್ವಲ್ಪ ಬದಲಾಗಿರುತ್ತದೆ: ಪ್ರಶ್ನೆ ಕೇಳುವವಳು ಅತ್ತೆ.

ಎರಡು ಹೆಣ್ಣುಪಾತ್ರಗಳು ಗಂಡಸನ್ನು ಬಿಟ್ಟು ಬೇರೆ ವಿಷಯ ಮಾತಾಡುತ್ತವೆಯೇ ಎಂಬ ಪರೀಕ್ಷೆಯನ್ನು ಅಲಿಸನ್ ಬೆಕ್ಡೆಲ್ 1985ರಲ್ಲಿ ತಮ್ಮ ವ್ಯಂಗ್ಯಚಿತ್ರದಲ್ಲಿ ಮುಂದಿಟ್ಟರು. ಕರಡನ್ನು ಅದಕ್ಕೆ ಒಡ್ಡಿ ನೋಡಿದೆ. ಆಸ್ತಿ ಜಗಳದ ಕಥೆಯಾದ್ದರಿಂದ ಮಾತೆಲ್ಲ ಭಾವನ ಸುತ್ತಲೇ ಸುತ್ತುತ್ತಿತ್ತು. ಹಾಗಾಗಿ ಕುಡಿ ಚಿವುಟುವ ದೃಶ್ಯವನ್ನು ಬೆಳೆಸಿದೆ. ಬಿತ್ತಿದ ಒಂದೂವರೆ ತಿಂಗಳ ಹೊತ್ತಿಗೆ ತೊಗರಿಯ ತುದಿ ಚಿವುಟಿದರೆ ಪಕ್ಕದ ಟೊಂಗೆಗಳು ಒಡೆದು ಕಾಯಿ ಹೆಚ್ಚಾಗುತ್ತದೆ. ಸಾಲಿಗೊಬ್ಬರಂತೆ ಹೆಂಗಸರು ನಿಂತು ಮಾಡುವ ಕೆಲಸ. ಅಲ್ಲಿ ಅವರು ಬೀಜದ ಬಗ್ಗೆ, ಬೆನ್ನುನೋವಿನ ಬಗ್ಗೆ, ಮಗಳನ್ನು ಯಾವ ಹಾಸ್ಟೆಲಿಗೆ ಸೇರಿಸಬೇಕೆಂಬುದರ ಬಗ್ಗೆ ಮಾತಾಡುತ್ತಾರೆ. ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ತೆಗೆದುಹಾಕು ಎಂದವರ ಮಾತನ್ನು ನಾನು ಕೇಳಲಿಲ್ಲ.

ನಾನು, ನೀನು, ಅವಳು: ಯಾವುದರಲ್ಲಿ ಬರೆಯಬೇಕು ಎಂಬುದೂ ಕಾಡಿತು. 1986ರ 'ಮೆಟ್ರಾಯ್ಡ್' ಆಟದಲ್ಲಿ ಶಿರಸ್ತ್ರಾಣ ಧರಿಸಿದ ನಾಯಕಪಾತ್ರ ಹೆಣ್ಣು ಎಂಬುದು ಬೇಗ ಆಟ ಮುಗಿಸಿದವರಿಗೆ ಮಾತ್ರ ಕೊನೆಯಲ್ಲಿ ಕಾಣುತ್ತಿತ್ತು. ಕನ್ನಡದಲ್ಲಿ ಪ್ರಥಮ ಪುರುಷದಲ್ಲಿ ಬರೆದರೆ 'ಬಂದಳು' ಎಂಬಲ್ಲೇ ಎಲ್ಲ ತಿಳಿಯುತ್ತದೆ; 'ನೀನು ಬಂದೆ' ಎಂದರೆ ಏನೂ ತಿಳಿಯದು. ಹುಡುಗರು 'ನೀನು' ಎಂಬ ಕರಡನ್ನು ಆಡಿದಾಗ, ಜಗದೇವಿಯ ಬದಲು ತಾವೇ ಅಂಗಳದಲ್ಲಿ ನಿಂತಂತೆ ಭಾವನ ಮೇಲೆ ಎಗರಾಡಿದರು, ಅದರ ಬೆಲೆ ಯಾರು ತೆರುತ್ತಾರೆಂದು ಯೋಚಿಸಲಿಲ್ಲ. 'ಅವಳು' ಎಂದು ಬದಲಿಸಿದೆ. ಒಂದು ಆಯ್ಕೆ ಒತ್ತುವ ಮುನ್ನ ಅವರು ನಿಲ್ಲತೊಡಗಿದರು.

ಊರಿನ ಸಂಘದ ಸಭೆಯಲ್ಲಿ ಆಟವನ್ನು ನಾನೇ ಗಟ್ಟಿಯಾಗಿ ಓದಿದೆ; ಹೆಂಗಸರು ಕೈ ಎತ್ತಿ ಆಯ್ಕೆ ಮಾಡಿದರು. ಅವರ ತಿದ್ದುಪಡಿಗಳು ನಿರ್ದಯವಾಗಿದ್ದವು. ಇವಳು ಬಹಳ ಬೇಗ ಬಾಯಿ ಬಿಡುತ್ತಾಳೆ ಎಂದರು. ರಾಶಿಗೆ ಮೊದಲು ಜಗಳ ತೆಗೆದರೆ ಆ ವರ್ಷದ ಕಾಳು ಹೋಯಿತು, ಕಾಳು ಮನೆ ಸೇರಲಿ, ಆಮೇಲೆ ಅರ್ಜಿ ಹಾಕಲಿ ಎಂದರು. ಕಾಯುವುದನ್ನು ನಾನು ಸೋಲು ಎಂದು ಬರೆದಿದ್ದ ಕಡೆಗಳಲ್ಲೆಲ್ಲ ಅವರು ಅದನ್ನು ಲೆಕ್ಕಾಚಾರ ಎಂದು ಓದಿದರು. ಈಗ ಆಟದ ಪ್ರತಿ ದೃಶ್ಯದಲ್ಲೂ 'ಇವತ್ತು ಬೇಡ' ಎಂಬ ಆಯ್ಕೆ ಇದೆ, ಅದಕ್ಕೆ ದಂಡವಿಲ್ಲ.

ಕೊನೆಗಳು ಹಲವು. ಒಂದರಲ್ಲಿ ಮೂವರ ಹೆಸರೂ ಪಹಣಿಗೆ ಬರುತ್ತದೆ, ಭಾವ ಮಾತು ಬಿಡುತ್ತಾನೆ. ಒಂದರಲ್ಲಿ ತಕರಾರು ಬಿದ್ದು ವಿಷಯ ತಹಶೀಲ್ದಾರರ ಮುಂದೆ ಹೋಗುತ್ತದೆ. ಇನ್ನೊಂದರಲ್ಲಿ ಜಗದೇವಿ ಹೊಲದ ಆಸೆ ಬಿಟ್ಟು ಮಗಳೊಂದಿಗೆ ಕಲಬುರಗಿಗೆ ಬಂದು ದಾಲ್ ಮಿಲ್ಲಿನಲ್ಲಿ ಕೆಲಸ ಹಿಡಿಯುತ್ತಾಳೆ; ಅದನ್ನು ಸೋತ ಕೊನೆ ಎಂದು ಎಲ್ಲೂ ಬರೆದಿಲ್ಲ.

ಸದ್ಯ ಧ್ವನಿ ಸೇರಿಸುವ ಕೆಲಸ ನಡೆದಿದೆ. ಅಕ್ಷರ ಬಾರದವರು ತಾವೇ ಆಡಬೇಕಾದರೆ ಓದಿ ಹೇಳಲು ನಾನು ಪಕ್ಕದಲ್ಲಿ ಇರಬಾರದು. ಆಟದ ಮಾತುಕತೆಯೆಲ್ಲ ನಮ್ಮ ಕಡೆಯ ಆಡುನುಡಿಯಲ್ಲೇ ಇರುವುದರಿಂದ ಸಂಘದವರೇ ಪಾತ್ರಗಳಿಗೆ ದನಿ ಕೊಡುತ್ತಿದ್ದಾರೆ. ಕಡತ ಬಹಳ ದೊಡ್ಡದಾಗುತ್ತಿದೆ. ಕಡಿಮೆ ಗಾತ್ರದಲ್ಲಿ ಧ್ವನಿ ಉಳಿಸುವ ಬಗೆಯನ್ನು ಕಲಿಯುತ್ತಿದ್ದೇನೆ. ಅತ್ತೆಯ ಪಾತ್ರಕ್ಕೆ ದನಿ ಕೊಡಲು ಒಪ್ಪಿದವರು ಒಂದು ಷರತ್ತು ಹಾಕಿದ್ದಾರೆ: ಸೀರೆಯ ಮಾತನ್ನು ನಾನು ಬರೆದಂತೆ ಓದುವುದಿಲ್ಲ, ತಮಗೆ ಗೊತ್ತಿರುವಂತೆ ಹೇಳುತ್ತಾರಂತೆ. ಒಪ್ಪಿದ್ದೇನೆ, ಆ ತುಣುಕನ್ನು ಖಾಲಿ ಬಿಟ್ಟಿದ್ದೇನೆ.